ಸಿನಿಮಾಕ್ಕೆಂದು ತೋಡಿದ ಗುಣಿ

ಮಕ್ಕಳೇ,

ಮೊನ್ನೆ ಹಬ್ಬಕ್ಕೆ ಬಂದಾಗ ನೀವೆಲ್ಲ ನಡುಮನೆಯಲ್ಲಿ ಕೂತು ಟೀವಿಯಲ್ಲಿ ಒಂದು ಅನಾಹುತದ ಚಿತ್ರ ನೋಡುತ್ತಿದ್ದಿರಿ. ಯಾವುದೋ ದೇಶದಲ್ಲಿ ಅಣೆಕಟ್ಟು ಒಡೆದು ಊರು ಕೊಚ್ಚಿಕೊಂಡು ಹೋದ ಸಂಗತಿ. ನೀರು ಬಂತು, ಜನ ಓಡಿದರು, ಒಬ್ಬ ಹೆಂಗಸು ಬಾಗಿಲಲ್ಲಿ ನಿಂತು ದಾರಿ ನೋಡುತ್ತಿದ್ದಳು. ನಾನು ಎದ್ದು ಹಿತ್ತಿಲಿಗೆ ಹೋದೆ. ಅಜ್ಜಿಗೆ ಹೆದರಿಕೆಯಾಯಿತು ಎಂದು ನೀವು ನಕ್ಕಿರಿ. ದೊಡ್ಡವಳು ಮಾತ್ರ ಹಿಂದೆಯೇ ಬಂದು, ಇದು ಕಟ್ಟಿದ ಕತೆಯಲ್ಲ ಅಜ್ಜಿ, ನಿಜವಾಗಿ ನಡೆದದ್ದನ್ನೇ ತೆಗೆದಿದ್ದಾರೆ ಎಂದಳು.

ನಡೆದದ್ದನ್ನು ಹೇಗೆ ತೆಗೆಯುತ್ತಾರೆ ಎಂಬುದನ್ನು ನಾನು ಒಮ್ಮೆ ಕಣ್ಣಾರೆ ನೋಡಿದ್ದೇನೆ. ಅವಳಿಗೆ ಆಗ ಹೇಳಲು ಬಾಯಿ ಬರಲಿಲ್ಲ. ಎದುರಿಗೆ ನಾಲ್ಕು ಮುಖವಿದ್ದರೆ ನನಗೆ ಮಾತು ನಿಂತುಹೋಗುತ್ತದೆ, ನಿಮಗೆ ಗೊತ್ತು. ಬರೆಯುವುದು ಹಗುರ. ಕಾಗುಣಿತ ತಪ್ಪಿದ್ದರೆ ತಿದ್ದಿಕೊಳ್ಳಿ.

ನನ್ನ ತವರೂರು ಬೇಗೂರಿಗೂ ಗುಂಡ್ಲುಪೇಟೆಗೂ ನಡುವೆ, ದೊಡ್ಡ ರಸ್ತೆ ಬಿಟ್ಟು ಗಾಡಿ ಜಾಡಿನಲ್ಲಿ ಒಳಕ್ಕೆ ಹೋಗಬೇಕು. ಊರ ಮೇಲುಗಡೆ ಕೆರೆ. ಕೆರೆಯ ಏರಿಯ ಕೆಳಗೆ ಗದ್ದೆ, ಗದ್ದೆ ಪಕ್ಕದ ತಗ್ಗಿನಲ್ಲಿ ಕೆಳಗಲ ಬೀದಿ. ನಮ್ಮ ಮನೆ ಮೇಲಿನ ಬೀದಿಯ ಕೊನೆಯಲ್ಲಿತ್ತು. ಬಾಗಿಲಲ್ಲಿ ನಿಂತರೆ ಗಾಡಿ ಜಾಡು ದೂರದವರೆಗೂ ಕಾಣುತ್ತಿತ್ತು. ಮನೆಯಲ್ಲಿ ಅಪ್ಪ, ಅವ್ವ, ನಾನು, ಅಪ್ಪನ ತಾಯಿ, ಮತ್ತೆ ಮದುವೆಯಾಗದ ಚಿಕ್ಕಪ್ಪ. ಅಪ್ಪನ ತಾಯಿಯನ್ನು ನಾವು ಅಜ್ಜವ್ವ ಎನ್ನುತ್ತಿದ್ದೆವು. ಅಪ್ಪನೂ ಚಿಕ್ಕಪ್ಪನೂ ಹಿಂದಿನಿಂದ ನೋಡಿದರೆ ಒಂದೇ. ಅದೇ ಎತ್ತರ, ಅದೇ ಎಡಗಾಲು ಕೊಂಚ ಎಳೆದ ನಡಿಗೆ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ.

ನಾನು ಊರ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸು ಮುಗಿಸಿ ಮನೆಯಲ್ಲಿ ಕೂತ ವರ್ಷ ಹಿಂಗಾರು ಮಳೆ ಹಿಡಿದದ್ದು ಬಿಡಲಿಲ್ಲ. ಕೆರೆ ತುಂಬಿ ಕೋಡಿ ಬಿತ್ತು. ಜನ ಬಾಗಿನ ಕೊಟ್ಟು ಬಂದರು. ಆಮೇಲೂ ಮಳೆ ನಿಲ್ಲದಿದ್ದಾಗ ಯಾರೂ ಕೆರೆಯ ಮಾತೆತ್ತುತ್ತಿರಲಿಲ್ಲ. ಒಂದು ಸಂಜೆ ತೂಬಿನ ಹತ್ತಿರ ಏರಿ ಜಿನುಗುತ್ತಿದೆ ಎಂದು ಕೂಗು ಬಂತು. ಅಪ್ಪ ತಲೆಯ ರುಮಾಲು ಬಿಚ್ಚಿ ಗೂಟಕ್ಕೆ ಹಾಕಿ, ಕಂಬಳಿ ಕೊಪ್ಪೆ ಹಾಕಿಕೊಂಡು, ಗುದ್ದಲಿ ತೆಗೆದುಕೊಂಡು ಹೋದರು. ಚಿಕ್ಕಪ್ಪ ಹೋಗಲಿಲ್ಲ. ಹಿಂದಿನ ದಿನ ಅಣ್ಣತಮ್ಮಂದಿರಿಗೆ ಮಾತಿಗೆ ಮಾತು ಬೆಳೆದು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಏರಿ ಒಡೆದ ಸದ್ದು ನನಗೆ ಈಗಲೂ ಕೇಳುತ್ತದೆ. ಗುಡುಗಿನ ಹಾಗಿರಲಿಲ್ಲ. ಹಳೆಯ ದಪ್ಪ ಸೀರೆಯನ್ನು ಇಬ್ಬರು ಹಿಡಿದು ನಿಧಾನವಾಗಿ ಹರಿದ ಹಾಗಿತ್ತು.

ನೀರು ಇಳಿದ ಮೇಲೆ, ತೂಬಿನ ಹತ್ತಿರ ಇದ್ದವರಲ್ಲಿ ಇಬ್ಬರು ಹೆಣವಾಗಿ ಕೆಳಗಿನ ಬೇಲಿಯಲ್ಲಿ ಸಿಕ್ಕಿದರು. ಕೆಳಗಲ ಬೀದಿಯಲ್ಲಿ ಒಂದು ಮುದುಕಿಯೂ ಹೋಯಿತು. ಅಪ್ಪ ಸಿಗಲಿಲ್ಲ. ಚಿಕ್ಕಪ್ಪ ಹಳ್ಳದ ಗುಂಟ ಎಷ್ಟೋ ದೂರ ಹುಡುಕಿ ಬಂದ. ಗುದ್ದಲಿ ಸಿಕ್ಕಿತು.

ಆಮೇಲೆ ಇನ್ನೊಂದು ಮಾತು ಹುಟ್ಟಿತು. ದೊಡ್ಡ ರಸ್ತೆಯ ಅಂಗಡಿಯವನು, ಆ ಸಂಜೆಯೇ ಕಂಬಳಿ ಕೊಪ್ಪೆ ಹಾಕಿದ, ಎಡಗಾಲು ಎಳೆಯುವ ಒಬ್ಬ ಮನುಷ್ಯ ವಯನಾಡಿನ ಕಡೆಯ ಲಾರಿ ಹತ್ತಿದ್ದನ್ನು ನೋಡಿದೆ ಎಂದನಂತೆ. ಅಪ್ಪ ಈರುಳ್ಳಿ, ಅವರೆಕಾಯಿ ಹೇರಿಕೊಂಡು ಆ ಕಡೆಗೆ ಹೋಗಿ ಬಂದು ಮಾಡುತ್ತಿದ್ದವರು. ತಮ್ಮನ ಜೊತೆ ಜಗಳವಾಡಿದಾಗಲೆಲ್ಲ, ಹೋದೋನು ಒಂದಿನ ಅಲ್ಲೇ ಇದ್ದುಬುಡ್ತೀನಿ ಎನ್ನುತ್ತಿದ್ದರು. ಊರವರು ಇದನ್ನು ನಂಬಿದರೋ ಇಲ್ಲವೋ, ಅವ್ವ ನಂಬಿದಳು. ಬೆಳಗಾದರೆ ತಲೆ ಬಾಚಿ ಕುಂಕುಮ ಇಟ್ಟುಕೊಂಡು, ಕೈತುಂಬ ಹಸಿರು ಬಳೆಯಲ್ಲಿ, ಬಾಗಿಲ ಪಟ್ಟಿ ಹಿಡಿದು ಜಾಡು ನೋಡುತ್ತ ನಿಲ್ಲುವಳು. ಆಮೇಲೆ ಕೆಲಸಕ್ಕೆ ತೊಡಗುವಳು. ಚಾಮರಾಜನಗರದ ಕಡೆಯಿಂದ ಅವಳ ಅಣ್ಣ ಗಾಡಿ ಕಟ್ಟಿಕೊಂಡು ಬಂದು ಕರೆದ. ನಾನು ಅಲ್ಲಿದ್ದು ಅವರು ಇಲ್ಲಿಗೆ ಬಂದರೆ ಹೇಗೆ ಎಂದು ಅವ್ವ ಗಾಡಿ ಹತ್ತಲಿಲ್ಲ.

ಅವಳ ಬಳೆಗೆ ಕೈ ಹಾಕುವ ಅಧಿಕಾರ ಊರಿನಲ್ಲಿ ಯಾರಿಗೂ ಇರಲಿಲ್ಲ. ಹೆಣ ಕಾಣದೆ ಗುಣಿ ತೋಡಬಾರದು, ಗುಣಿಗೆ ಮಣ್ಣು ಬೀಳದೆ ಬಳೆ ಒಡೆಯಬಾರದು ಎಂದು ಮಠದ ಅಯ್ನೋರು ಹೇಳಿಬಿಟ್ಟಿದ್ದರು. ಆದ್ದರಿಂದ ಅವ್ವ ಮುತ್ತೈದೆಯಾಗಿಯೇ ಉಳಿದಳು. ಹಬ್ಬದಲ್ಲಿ ಅವಳಿಗೆ ಅರಿಸಿನ ಕುಂಕುಮ ಕೊಡಬೇಕೋ ಬಿಡಬೇಕೋ ತಿಳಿಯದೆ ಹೆಂಗಸರು ತಟ್ಟೆ ಹಿಡಿದು ಒಂದು ಗಳಿಗೆ ನಿಲ್ಲುತ್ತಿದ್ದರು. ಅವಳೇ ಬೆರಳು ಚಾಚಿ ತೆಗೆದುಕೊಳ್ಳುತ್ತಿದ್ದಳು.

ಸಿನಿಮಾದವರು ಬಂದದ್ದು ಸುಗ್ಗಿ ಮುಗಿದ ಮೇಲೆ. ಒಂದು ದೊಡ್ಡ ವ್ಯಾನು, ಅದರ ತುಂಬ ಪೆಟ್ಟಿಗೆ. ಅವರಲ್ಲಿ ಮುಖ್ಯರಾದವರು ಹುಲ್ಲಿನ ಟೋಪಿ ಹಾಕಿದ್ದರು, ನಮ್ಮ ಮಾತು ಅವರಿಗೆ ಬಾರದು. ನಮ್ಮ ಮಾತನ್ನು ಅವರಿಗೂ ಅವರ ಮಾತನ್ನು ನಮಗೂ ಹೇಳಲು ಮೈಸೂರಿನವರೊಬ್ಬರು ಜೊತೆಗಿದ್ದರು. ಪಟೇಲರ ಜಗುಲಿಯಲ್ಲಿ ಕೂತು ಆ ಮೈಸೂರಿನವರು ತಿಳಿಸಿ ಹೇಳಿದರು: ನಿಮ್ಮೂರ ಅನಾಹುತವನ್ನು ಚಿತ್ರ ತೆಗೆಯುತ್ತೇವೆ, ಅದು ಊರೂರಿನ ಟೆಂಟುಗಳಲ್ಲಿ ದೊಡ್ಡ ಸಿನಿಮಾಕ್ಕೆ ಮುಂಚೆ ಓಡುತ್ತದೆ, ಮೇಲಿನವರೂ ನೋಡುತ್ತಾರೆ, ನೋಡಿದರೆ ಏರಿ ಕಟ್ಟಿಸುತ್ತಾರೆ. ಒಡೆದ ಏರಿ ಹಾಗೇ ಬಾಯಿಬಿಟ್ಟುಕೊಂಡು ಬಿದ್ದಿತ್ತು. ಮುಂದಿನ ಮಳೆಗೆ ನೀರು ನಿಲ್ಲದಿದ್ದರೆ ಗದ್ದೆಯಿಲ್ಲ. ಪಟೇಲರು ಏನು ಬೇಕಾದರೂ ಮಾಡಿಕೊಡುತ್ತೇವೆ ಎಂದುಬಿಟ್ಟರು.

ಅವರಿಗೆ ಮೊದಲ ತೊಂದರೆಯೆಂದರೆ, ಊರಿನಲ್ಲಿ ಅನಾಹುತ ಉಳಿದಿರಲಿಲ್ಲ. ಬಿದ್ದ ಗೋಡೆಗಳನ್ನು ಜನ ಎತ್ತಿ ಕಟ್ಟಿಕೊಂಡಿದ್ದರು. ಕೆಸರು ಒಣಗಿ ಮೇಲೆ ಹುಲ್ಲು ಬಂದಿತ್ತು. ಟೋಪಿಯವರು ಬೀದಿಯುದ್ದಕ್ಕೂ ನಡೆದು, ಮೈಸೂರಿನವರ ಕಿವಿಯಲ್ಲಿ ಏನೋ ಹೇಳಿ, ತಲೆ ಅಲ್ಲಾಡಿಸಿದರು. ಮಾರನೆಯ ದಿನ ಕೆಳಗಲ ಬೀದಿಯ ಒಂದು ಗುಡಿಸಲಿನ ಸೂರು ತೆಗೆಸಿದರು, ಒಂದು ಗೋಡೆಯನ್ನು ತಳ್ಳಿಸಿದರು. ಆ ಗುಡಿಸಲಿನವನು ತಲೆ ಮೇಲೆ ಕೈ ಹೊತ್ತು, 'ನೀರು ಬುಟ್ಟೋಗಿದ್ದ ಗೋಡೆಯ ಇವ್ರು ಕೆಡವ್ತಾವ್ರಲ್ಲಪ್ಪ' ಎಂದ. ಜನ ನಕ್ಕರು. ಸಂಜೆಗೆ ಮತ್ತೆ ಕಟ್ಟಿಸಿಕೊಡುತ್ತೇವೆ ಎಂದಿದ್ದರು, ಕಟ್ಟಿಸಿಯೂ ಕೊಟ್ಟರು. ಆದರೆ ಕುಂಬಾರರ ಮನೆಯಿಂದ ಹೊಸ ಮಡಕೆಗಳನ್ನು ತರಿಸಿ ಕಲ್ಲಿನ ಮೇಲೆ ಒಡೆದು ಬೀದಿಗೆ ಚೆಲ್ಲಿದಾಗ ಹೆಂಗಸರು ಯಾರೂ ನಗಲಿಲ್ಲ. ನೀರಿಡದ ಹೊಸ ಮಡಕೆ ಒಡೆದರೆ ಸಾವನ್ನು ಕರೆದ ಹಾಗೆ ಎಂಬುದು ಅವರಿಗೆಲ್ಲ ಗೊತ್ತಿತ್ತು.

ಮಳೆಯನ್ನೂ ಮಾಡಿದರು. ಬೇವಿನ ಮರಕ್ಕೆ ಇಬ್ಬರನ್ನು ಹತ್ತಿಸಿ, ಜರಡಿಯ ಮೇಲೆ ಕೊಡದಿಂದ ನೀರು ಹುಯ್ಯಿಸಿದರು. ಕೆಳಗೆ ಮಕ್ಕಳು ಓಡಬೇಕು, ಅವರನ್ನು ತಾಯಂದಿರು ಎಳೆದುಕೊಂಡು ಓಡಬೇಕು. ಬಿಸಿಲು ಚುರುಗುಟ್ಟುತ್ತಿತ್ತು. ಆ ಬಿಸಿಲು ಕಾಣದ ಹಾಗೆ ಯಂತ್ರದ ಕಣ್ಣಿಗೆ ಒಂದು ಬಣ್ಣದ ಗಾಜು ಹಾಕುತ್ತಾರಂತೆ, ಹಗಲು ಸಂಜೆಯಾಗುತ್ತದಂತೆ. ಯಂತ್ರವನ್ನು ಎತ್ತಿನ ಗಾಡಿಯ ಮೇಲೆ ಕಟ್ಟಿ, ಎತ್ತು ಬಿಚ್ಚಿ, ಆಳುಗಳಿಂದ ಮೆಲ್ಲಗೆ ನೂಕಿಸುತ್ತಿದ್ದರು. ಬೆಳಕು ಸಾಲದ ಕಡೆ ಬೆಳ್ಳಿಯ ಹಾಗೆ ಹೊಳೆಯುವ ಹಲಗೆ ಹಿಡಿದು ಬಿಸಿಲನ್ನು ಜನರ ಮುಖಕ್ಕೆ ಎರಚುತ್ತಿದ್ದರು. ಒಂದು ಸಲ ಓಡಿದರೆ ಸಾಲದು, ಇನ್ನೊಂದು ಸಲ, ಮತ್ತೊಂದು ಸಲ. ಮೊದಲ ಸಲ ಮಕ್ಕಳು ನಗುತ್ತ ಓಡಿದವು. ಕೊನೆಗೆ ಅವಕ್ಕೆ ನಿಜವಾಗಿಯೂ ಹೆದರಿಕೆ ಹತ್ತಿತು, ಒಂದೆರಡು ಅಳತೊಡಗಿದವು. ಟೋಪಿಯವರಿಗೆ ಆಗ ಸಂತೋಷವಾಯಿತು.

ಈ ಎಲ್ಲದರ ನಡುವೆ ಇನ್ನೊಂದನ್ನು ನಾನು ನೋಡಿದೆ. ಅವರು ಬಂದ ಮೊದಲ ಬೆಳಗ್ಗೆ, ಇನ್ನೂ ಏನೂ ಶುರುವಾಗುವ ಮೊದಲು, ಯಂತ್ರದವನು ಒಬ್ಬನೇ ಬೀದಿಯಲ್ಲಿ ನಿಂತು ಅದನ್ನು ಅತ್ತ ಇತ್ತ ತಿರುಗಿಸುತ್ತಿದ್ದ. ತಿರುಗಿದ ಕಣ್ಣು ನಮ್ಮ ಬಾಗಿಲ ಕಡೆ ಬಂದು ನಿಂತಿತು. ಅವ್ವ ಪಟ್ಟಿ ಹಿಡಿದು ಜಾಡು ನೋಡುತ್ತಿದ್ದಳು, ಅವನನ್ನು ನೋಡಲಿಲ್ಲ. ಜೀರುಂಡೆಯಂಥ ಸದ್ದು ಕೊಂಚ ಹೊತ್ತು ಕೇಳಿ ನಿಂತುಹೋಯಿತು. ನಾನದನ್ನು ಅಲ್ಲಿಗೆ ಮರೆತೆ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಟೋಪಿಯವರು ಸಾವು ಬೇಕು ಎಂದರು. ಓಡುವುದು ಬಂತು, ಒಡೆದದ್ದು ಬಂತು, ಸಾವು ಇಲ್ಲದೆ ನೋಡುವವರ ಮನಸ್ಸು ಕರಗುವುದಿಲ್ಲ. ಸತ್ತ ಮೂವರ ಮನೆಯವರೂ ಸುತರಾಂ ಒಲ್ಲೆವು ಎಂದರು, ಅವರದು ಆಗಲೇ ಮಣ್ಣಾಗಿತ್ತು. ಆಗ ಯಾರೋ, ಒಬ್ಬರದು ಇನ್ನೂ ಆಗಿಲ್ಲ ಎಂದರು. ಯಾರು ಅಂದದ್ದು ಎಂದು ಆಮೇಲೆ ಎಷ್ಟು ಕೇಳಿದರೂ ಯಾರೂ ಒಪ್ಪಿಕೊಳ್ಳಲಿಲ್ಲ.

ನಮ್ಮಲ್ಲಿ ಸುಡುವುದಿಲ್ಲ, ಮಲಗಿಸಿ ಒಯ್ಯುವುದೂ ಇಲ್ಲ. ಹೋದವರನ್ನು ಕೂರಿಸಿ, ವಿಭೂತಿ ಬಳಿದು, ಬಿದಿರಿನಿಂದಲೂ ಬಾಳೆಕಂಬದಿಂದಲೂ ಗೂಡು ಕಟ್ಟಿ ಹೂ ಸುತ್ತಿ, ಅದರಲ್ಲಿ ಬದುಕಿದ್ದವರ ಹಾಗೇ ಕೂರಿಸಿಕೊಂಡು ಹೊರುತ್ತಾರೆ. ಅದಕ್ಕೆ ವಿಮಾನ ಎಂದು ಹೆಸರು. ಗುಣಿಯಲ್ಲೂ ಕೂರಿಸಿಯೇ ಇಡುವುದು. ಅಯ್ನೋರು ತಲೆಯ ಮೇಲೆ ಪಾದವಿಟ್ಟ ಮೇಲೆ ವಿಭೂತಿ, ಬಿಲ್ವಪತ್ರೆ, ಮಣ್ಣು. ಟೋಪಿಯವರು ಇದನ್ನು ಕೇಳಿ ಬಹಳ ಉತ್ಸಾಹಗೊಂಡರಂತೆ. ಹೆಣ ಕೂತು ಹೋಗುವುದನ್ನು ಅವರು ಎಲ್ಲೂ ನೋಡಿರಲಿಲ್ಲ. ಅದರಲ್ಲಿ ಕೂರಲು ಒಬ್ಬ ಬೇಕು, ಅಷ್ಟೆ ಎಂದರು.

ಯಾರೂ ಮುಂದೆ ಬರಲಿಲ್ಲ. ಮನೆಬಾಗಿಲು ಬಿಟ್ಟ ವಿಮಾನ ಮಣ್ಣು ಮಾಡದೆ ಹಿಂದಿರುಗಬಾರದು, ತೋಡಿದ ಗುಣಿ ಬಾಯಿ ತೆರೆದುಕೊಂಡಿರುವಾಗ ಹೊತ್ತು ಮುಳುಗಬಾರದು. ಹಾಗಾದರೆ ಅದು ತನ್ನ ಪಾಲನ್ನು ತಾನೇ ಹುಡುಕಿಕೊಂಡು ಊರೊಳಗೆ ಬರುತ್ತದೆ ಎಂಬ ಮಾತಿತ್ತು. ಮೈಸೂರಿನವರಿಗೆ ಇದನ್ನು ಹೇಳಿದರು. ಅವರು ಟೋಪಿಯವರಿಗೆ ಅದನ್ನು ದಾಟಿಸಿದರೋ ಇಲ್ಲವೋ ಗೊತ್ತಿಲ್ಲ. ಪಟೇಲರು ಏರಿಯ ಮಾತು ಎತ್ತಿದರು. ಎಲ್ಲರೂ ನೆಲ ನೋಡುತ್ತಿರುವಾಗ ಚಿಕ್ಕಪ್ಪ ಎದ್ದು ನಿಂತ.

'ನಮ್ಮಣ್ಣನ ಜಾಗ ತಾನೆ? ನಾನೇ ಕುಂತ್ಕತೀನಿ ಬುಡಿ' ಎಂದ.

ಏರಿಗೆ ಹೋಗಬೇಕಾದ ಸಂಜೆ ಹೋಗದೆ ಉಳಿದವನು ಅವನು. ಊರವರು ಅದನ್ನು ಅವನ ಎದುರಿಗೆ ಆಡಿರಲಿಲ್ಲ, ಹಿಂದೆ ಆಡದೆಯೂ ಇರಲಿಲ್ಲ. ಅವನ ಗೆಳೆಯನೊಬ್ಬ ಹಗುರ ಮಾಡಲು, 'ವಸಿ ಉಂಡ್ಕೊಂಡು ಬಾರ್ಲಾ, ಮೇಲೆ ಕುಂತ್ಮೇಲೆ ಹಸಿವು ಅಂದ್ರೆ ಯಾರೂ ಕೇಳಾಕಿಲ್ಲ' ಎಂದ. ಯಾರೂ ನಗಲಿಲ್ಲ. ಇರುವ ಒಬ್ಬ ಮಗ ಹೀಗಂದು ಮನೆಗೆ ಬಂದಾಗ ಅಜ್ಜವ್ವ ಬೀಸುವ ಕಲ್ಲಿನ ಮುಂದೆ ಕೂತಿದ್ದಳು. ಕಲ್ಲು ನಿಂತಿತು, ಆಮೇಲೆ ಮತ್ತೆ ತಿರುಗಿತು. ಅವ್ವ ಮಾತ್ರ ಹೇಳಿದಳು, ನಮ್ಮ ಬಾಗಿಲಿಂದ ವಿಮಾನ ಹೊರಡಕೂಡದು, ಈ ಮನೆಯಲ್ಲಿ ಯಾರೂ ಸತ್ತಿಲ್ಲ ಎಂದು. ಆದರೆ ಟೋಪಿಯವರಿಗೆ ನಮ್ಮ ಬಾಗಿಲೇ ಬೇಕಾಗಿತ್ತು. ಅಲ್ಲಿಂದ ಜಾಡು, ಜಾಡಿನ ಹಿಂದೆ ಒಡೆದ ಏರಿ, ಎಲ್ಲ ಒಟ್ಟಿಗೆ ಕಾಣುತ್ತಿತ್ತು.

ಮಾರನೆಯ ಬೆಳಗ್ಗೆ ಅವ್ವ ನನ್ನನ್ನೂ ಎಳೆದುಕೊಂಡು ಒಳಗೆ ಹೋಗಿ ಅಗುಳಿ ಹಾಕಿದಳು. ಹೊರಗೆ ವಿಮಾನ ಕಟ್ಟುವ ಸದ್ದು. ಬಾಗಿಲ ಬಿರುಕಿನಿಂದ ನಾನು ನೋಡಿದೆ. ಚಿಕ್ಕಪ್ಪನ ಮೈಗೆಲ್ಲ ವಿಭೂತಿ ಬಳಿದು, ಹೂ ಹಾಕಿ, ತಲೆ ವಾಲದ ಹಾಗೆ ಗಲ್ಲದ ಕೆಳಗಿಂದ ಬಟ್ಟೆ ಕಟ್ಟಿದ್ದರು. ಕಣ್ಣು ಮುಚ್ಚಿ ಕೂತಿದ್ದ. ನನಗೆ ಅಪ್ಪನನ್ನೇ ಕೂರಿಸಿದ ಹಾಗೆ ಕಂಡು, ಬಿರುಕಿನಿಂದ ಕಣ್ಣು ತೆಗೆದುಬಿಟ್ಟೆ. ಅವ್ವ ಬಂದು ನೋಡಲಿಲ್ಲ. ಅವಳ ಬದಲು ಅಳಲು ಪಕ್ಕದ ಮನೆಯವಳನ್ನು ನಿಲ್ಲಿಸಿದ್ದರು. ಅಳುವುದನ್ನು ನಮ್ಮ ಹೆಂಗಸರಿಗೆ ಹೇಳಿಕೊಡಬೇಕಾಗಿರಲಿಲ್ಲ. ಅವಳು ಅಪ್ಪನ ಗುಣಗಳನ್ನೆಲ್ಲ ಎತ್ತಿ ಎತ್ತಿ ಹಾಡಿ ಅಳತೊಡಗಿದಾಗ, ಒಳಗೆ ಅವ್ವ ಎರಡು ಕೈಯಿಂದ ಕಿವಿ ಮುಚ್ಚಿಕೊಂಡಳು.

ಜಾಗಟೆ, ಶಂಖ ಹೊರಟವು. ಸ್ವಲ್ಪ ಹೊತ್ತಿಗೆಲ್ಲ ನಿಂತವು. ಮೋಡ ಅಡ್ಡ ಬಂದು ಬೆಳಕು ಕೆಟ್ಟಿತಂತೆ. ವಿಮಾನವನ್ನು ಬಾಗಿಲಿಗೆ ವಾಪಸು ತರಬೇಕು ಎಂದರು. ಹೊತ್ತವರು ಅಲ್ಲಾಡದೆ ನಿಂತರು. ಪಟೇಲರು ಹೋಗಿ ಬೈದ ಮೇಲೆ ತಂದರು. ನನ್ನ ಬಿರುಕಿನ ಎದುರಿಗೆ ಚಿಕ್ಕಪ್ಪನ ವಿಭೂತಿಯ ಮುಖ ಮತ್ತೆ ಬಂದು ನಿಂತಿತು. ಎರಡನೆಯ ಸಲ ಬೀದಿ ದಾಟುವಷ್ಟರಲ್ಲಿ, ವಿಭೂತಿ ಮೂಗಿಗೆ ಹೋಗಿ ಅವನು ಜೋರಾಗಿ ಸೀನಿದ. ಹೊತ್ತವರಲ್ಲೊಬ್ಬರು ನಗು ತಡೆಯದೆ ನಕ್ಕರು. ಆಮೇಲೆ ತಾವು ಹೆಗಲ ಮೇಲೆ ಹೊತ್ತಿರುವುದೇನು ಎಂಬುದು ನೆನಪಾದವರ ಹಾಗೆ ಬಾಯಿ ಮುಚ್ಚಿಕೊಂಡರು. ಮತ್ತೆ ವಾಪಸು ಬಂತು. ಮೂರನೆಯ ಸಲ ಹೊರಟಾಗ ಯಾರ ಮುಖದಲ್ಲೂ ನಾಟಕ ಇರಲಿಲ್ಲ. ಪಕ್ಕದ ಮನೆಯವಳಿಗೆ ನಿಲ್ಲಿಸು ಎಂದರೂ ಅಳು ನಿಲ್ಲಲಿಲ್ಲ. ಒಂದೇ ಬಾಗಿಲಿನಿಂದ ಒಂದೇ ಬೆಳಗ್ಗೆ ಮೂರು ಸಲ ವಿಮಾನ ಹೊರಟದ್ದನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ.

ಗುಣಿಯ ಹತ್ತಿರ ನಡೆದದ್ದನ್ನು ನಾನು ನೋಡಲಿಲ್ಲ. ಚಿತ್ರಕ್ಕಾಗಿ ಹೆಂಗಸರನ್ನೂ ಅಲ್ಲಿಗೆ ಕರೆದೊಯ್ದಿದ್ದರು, ಅವರಿಂದ ಕೇಳಿದ್ದು. ಚಿಕ್ಕಪ್ಪನನ್ನು ಒಳಗೆ ಇಳಿಸಿ ಕೂರಿಸಿದರು. ಟೋಪಿಯವರು ಅಯ್ನೋರ ಕಡೆಗೆ ಕೈ ಮಾಡಿ, ಪಾದ ಇಡಲಿ ಎಂದರು. ಅಯ್ನೋರು ಹಿಂದಕ್ಕೆ ಸರಿದು, ಉಸಿರಾಡುವ ತಲೆ ಮೇಲೆ ನಾನು ಪಾದ ಇಡುವುದಿಲ್ಲ, ಬೇಕಾದರೆ ನನ್ನನ್ನೂ ಇದರಲ್ಲೇ ಹೂತುಬಿಡಿ ಎಂದರಂತೆ. ಹೊರಡುವ ಹೊತ್ತಾಗಿದೆ, ಇಷ್ಟು ಸಾಕು ಎಂದು ಸಿನಿಮಾದವರು ಯಂತ್ರ ಮಡಿಸಿದರು. ಮೈಸೂರಿನವರು ಎಲ್ಲರಿಗೂ ಕೈಮುಗಿದರು. ವ್ಯಾನು ಧೂಳೆಬ್ಬಿಸಿಕೊಂಡು ದೊಡ್ಡ ರಸ್ತೆಯ ಕಡೆಗೆ ಹೋಯಿತು.

ಅವರ ಕೆಲಸ ಮುಗಿಯಿತು. ಊರವರ ಮುಂದೆ ಗುಣಿ ಬಾಯಿ ತೆರೆದುಕೊಂಡಿತ್ತು. ಪಕ್ಕದಲ್ಲಿ ಬರಿದಾದ ವಿಮಾನ. ಗುಣಿಯಿಂದ ಹತ್ತಿ ಬಂದ ಚಿಕ್ಕಪ್ಪ ಮೈಮೇಲಿನ ಮಣ್ಣು ಕೊಡವಿಕೊಳ್ಳುತ್ತಿದ್ದ. ಅವನ ಹತ್ತಿರ ನಿಂತಿದ್ದವರು ಒಬ್ಬೊಬ್ಬರಾಗಿ ದೂರ ಸರಿದರು. ಏನು ಮಾಡುವುದೆಂದು ಹಿರಿಯರು ಮಾತಾಡಿಕೊಂಡರು. ಕುಂಬಳಕಾಯಿ ಹೂಳೋಣ ಎಂದರು ಒಬ್ಬರು. ಮೂರು ಸಲ ಹೊರಟು ಬಂದಿದೆ, ಕುಂಬಳಕಾಯಿಗೆ ಒಪ್ಪುತ್ತದೆಯೇ ಎಂದರು ಇನ್ನೊಬ್ಬರು. ಆಗ ಅಜ್ಜವ್ವ ಹೆಂಗಸರ ನಡುವಿನಿಂದ ಮುಂದೆ ಬಂದು, ಸೆರಗಿನೊಳಗಿಂದ ಅಪ್ಪನ ರುಮಾಲು ತೆಗೆದು ಗುಣಿಯ ಅಂಚಿನಲ್ಲಿಟ್ಟಳು. ಬೆಳಗ್ಗೆಯೇ ಗೂಟದಿಂದ ತೆಗೆದು ತಂದಿದ್ದಳು. ಹೀಗೇ ಆಗುತ್ತದೆ ಎಂದು ಅವಳಿಗೆ ಮೊದಲೇ ತಿಳಿದಿತ್ತು.

ಅಯ್ನೋರು ರುಮಾಲನ್ನು ಗುಣಿಯಲ್ಲಿ ತಲೆ ಇರುವ ಜಾಗದಲ್ಲಿಟ್ಟು, ಅದರ ಮೇಲೆ ಪಾದ ಇಟ್ಟರಂತೆ. ವಿಭೂತಿ, ಪತ್ರೆ ಹಾಕಿದರು. ಚಿಕ್ಕಪ್ಪನನ್ನೇ ಕರೆದು ಮೊದಲ ಹಿಡಿ ಮಣ್ಣು ಹಾಕಿಸಿದರು.

ಮಣ್ಣು ಮುಗಿಸಿ ಹೆಂಗಸರು ಮನೆಗೆ ಬರುವಾಗ ಹೊತ್ತು ನೆತ್ತಿ ದಾಟಿತ್ತು. ಅವ್ವ ಅಗುಳಿ ತೆಗೆದಳು. ಎದುರಿಗೆ ಅಜ್ಜವ್ವ, ಹಿಂದೆ ಆರೇಳು ಜನ ಹೆಂಗಸರು. ಅವ್ವನ ಕಣ್ಣು ಮೊದಲು ಗೂಟದ ಕಡೆ ಹೋಯಿತು, ಆಮೇಲೆ ಅಜ್ಜವ್ವನ ಮುಖಕ್ಕೆ ಬಂತು. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. 'ಅತ್ತೆ, ಅದು ಸಿನಿಮಾಕ್ಕೆ ಮಾಡಿದ್ದು' ಎಂದಳು.

'ಸಿನಿಮಾಕ್ಕೆ ಅಂತ ಗುಣಿಗೆ ಗೊತ್ತಾಯ್ತದಾ?' ಎಂದಳು ಅಜ್ಜವ್ವ. 'ಬಾಯಿ ತಕ್ಕೊಂಡು ಒಬ್ಬನ್ನ ಕೇಳ್ತಾ ಕುಂತಿತ್ತು ಕಣಮ್ಮಿ. ಹೆತ್ತೋಳು ನಾನು. ಇರೋನ್ನ ಕೊಡ್ಲಾ, ಇಲ್ದೋನ್ನ ಕೊಡ್ಲಾ? ನೀನೇ ಹೇಳು.'

ಇದಕ್ಕೆ ಅವ್ವ ಏನು ಹೇಳಬಹುದಿತ್ತು ಎಂದು ನಾನು ಈ ವಯಸ್ಸಿನವರೆಗೂ ಯೋಚಿಸಿದ್ದೇನೆ. ಬಾಗಿಲಲ್ಲಿ ಚಿಕ್ಕಪ್ಪ ವಿಭೂತಿಯ ಮೈಯಲ್ಲೇ ನಿಂತಿದ್ದ, ಒಳಗೆ ಬರಲೋ ಬೇಡವೋ ಎಂದು ತಿಳಿಯದೆ. ಅವ್ವ ಅವನನ್ನು ನೋಡಿದಳು. ಆಮೇಲೆ ತಾನೇ ಹೋಗಿ ಒರಳುಕಲ್ಲಿನ ಮುಂದೆ ಕೂತು, ಎರಡು ಕೈಯನ್ನೂ ಅದರ ಮೇಲೆ ಇಟ್ಟಳು. ಬಳೆ ಒಡೆದವಳು ಅಜ್ಜವ್ವನೇ. ಗಾಜಿನ ಚೂರುಗಳನ್ನು ನಾನು ಆರಿಸಿದೆ.

ಆ ಮೇಲಿನ ತಿಂಗಳುಗಳಲ್ಲಿ ಮನೆಯಲ್ಲಿ ಎರಡು ಹೊಸ ಅಭ್ಯಾಸ ಶುರುವಾದವು. ಸಂಜೆ ಉಂಡ ಮೇಲೆ ಅಜ್ಜವ್ವ ಮುಂಬಾಗಿಲಿಗೆ ಅಗುಳಿ ಹಾಕಿ, ಅದು ಬಿಗಿಯಾಗಿದೆಯೇ ಎಂದು ಅಲ್ಲಾಡಿಸಿ ನೋಡುತ್ತಿದ್ದಳು. ಅವಳು ಮಲಗಿದ ಮೇಲೆ ಅವ್ವ ಹೋಗಿ ಹಿತ್ತಿಲ ಬಾಗಿಲಿನ ಚಿಲಕ ತೆಗೆದು ಬರುತ್ತಿದ್ದಳು. ಮಣ್ಣಾದವನು ಮುಂಬಾಗಿಲಿನಿಂದ ಮನೆಗೆ ಬರುವಂತಿಲ್ಲ, ಬದುಕಿ ಬಂದರೂ ಹಿಂದಿನಿಂದಲೇ ಬರಬೇಕು ಎಂಬುದು ನಮ್ಮ ಕಡೆಯ ಕಟ್ಟು. ಇಬ್ಬರಿಗೂ ಇನ್ನೊಬ್ಬರು ಮಾಡುವುದು ಗೊತ್ತಿತ್ತು. ನಾನು ಎರಡು ಬಾಗಿಲುಗಳ ನಡುವೆ ಮಲಗುತ್ತಿದ್ದೆ. ಅಪ್ಪ ಬರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಹಿತ್ತಿಲಲ್ಲಿ ಎಲೆ ಸರಿದರೆ, ಬರುವುದು ಅಪ್ಪನೋ ಗುಣಿಯಲ್ಲಿ ಹೂತದ್ದೋ ಎಂದು ಮುಸುಕು ಎಳೆದುಕೊಳ್ಳುತ್ತಿದ್ದೆ.

ಚಿಕ್ಕಪ್ಪನಿಗೆ ಏನೂ ಆಗಲಿಲ್ಲ. ಆದರೆ ಅವನಿಗೆ ನೆಗಡಿಯಾದರೂ ಊರು ವಿಚಾರಿಸುತ್ತಿತ್ತು. ಮರ ಹತ್ತಿದರೆ, ಬಾವಿಗೆ ಇಳಿದರೆ, ಕೆಲಸ ಬಿಟ್ಟು ಜನ ನೋಡುತ್ತ ನಿಲ್ಲುತ್ತಿದ್ದರು. ಅವನಿಗೆ ಹೆಣ್ಣು ಕೊಡುತ್ತೇವೆ ಎಂದಿದ್ದ ಹಂಗಳದವರು ಮತ್ತೆ ಬರಲಿಲ್ಲ. ಮೊದಲು ಗಲಗಲ ಮಾತಾಡುತ್ತಿದ್ದವನು ಕಡ ತಂದ ದನದ ಹಾಗೆ ಮೆಲ್ಲಗೆ ಓಡಾಡತೊಡಗಿದ.

ಮಳೆಗಾಲ ಹತ್ತಿರವಾದಾಗ, ಗುಂಡ್ಲುಪೇಟೆಯ ಟೆಂಟಿನಲ್ಲಿ ನಮ್ಮೂರ ಚಿತ್ರ ಬಂದಿದೆ ಎಂದು ಸಂತೆಗೆ ಹೋದವರು ಸುದ್ದಿ ತಂದರು. ಊರಿಗೆ ಊರೇ ಗಾಡಿ ಕಟ್ಟಿತು. ಅಜ್ಜವ್ವ ಜೀವಮಾನದಲ್ಲಿ ಸಿನಿಮಾ ನೋಡಿದವಳಲ್ಲ, ನಾನೂ ಬರುತ್ತೇನೆ ಎಂದಳು. ಮಗನ ಮಣ್ಣು ಎಲ್ಲರ ಮುಂದೆ ಆದದ್ದನ್ನು ಅವಳು ಕಣ್ಣಲ್ಲಿ ನೋಡಬೇಕಿತ್ತು. ಅಲ್ಲಿ ಅದಿದ್ದರೆ ಅವಳು ಮಾಡಿದ್ದು ಸರಿ. ಅವ್ವ ಬರುವುದಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. ವರ್ಷ ತುಂಬದ ವಿಧವೆ ಟೆಂಟಿಗೆ ಹೋಗುವುದೆಂದರೇನು. ಅವಳು ಮುಸುಕು ಎಳೆದುಕೊಂಡು ಸುಮ್ಮನೆ ಬಂದು ಗಾಡಿಯಲ್ಲಿ ಕೂತಳು. ಅಜ್ಜವ್ವ ಬೇಡ ಎನ್ನಲಿಲ್ಲ.

ಟೆಂಟಿನೊಳಗೆ ಹೆಂಗಸರ ಕಡೆ ಮರಳಿನ ಮೇಲೆ ಕೂತೆವು. ದೀಪ ಆರಿತು. ಪರದೆಯ ಮೇಲೆ ನೀರು ಬಂತು. ಅದು ನಮ್ಮ ಕೆರೆಯದಲ್ಲ, ಯಾವುದೋ ದೊಡ್ಡ ಹೊಳೆಯದು. ಆಮೇಲೆ ಕಪ್ಪು ಮೋಡದ ಕೆಳಗೆ ನಮ್ಮ ಮಕ್ಕಳು ಓಡಿದವು. ಹೊಸ ಮಡಕೆಯ ಚೂರುಗಳು ಕಂಡವು. ಬೇವಿನ ಮರದ ಜರಡಿ ಕಾಣಲೇ ಇಲ್ಲ, ಮಳೆ ಮಾತ್ರ ಕಂಡಿತು, ಎಷ್ಟು ನಿಜವಾಗಿ ಕಂಡಿತೆಂದರೆ ಪಕ್ಕದಲ್ಲಿದ್ದವಳು ಶಿವಶಿವಾ ಎಂದಳು. ಪುಸ್ತಕದಂಥ ಕನ್ನಡದಲ್ಲಿ ಒಂದು ಗಂಡುಧ್ವನಿ ಎಲ್ಲವನ್ನೂ ವಿವರಿಸುತ್ತಿತ್ತು. ಗುಡಿಸಲು, ಬಿದ್ದ ಗೋಡೆ. ಅಜ್ಜವ್ವ ನನ್ನ ಮೊಣಕೈ ಹಿಡಿದು, ಮಣ್ಣು ಯಾವಾಗ ಬತ್ತದೆ ಎಂದು ಕೇಳಿದಳು. ಇರಿ, ಬರುತ್ತದೆ ಎಂದೆ.

ಆಮೇಲೆ ನಮ್ಮ ಬಾಗಿಲು ಬಂತು. ಬಾಗಿಲಲ್ಲಿ ಅವ್ವ. ಪಟ್ಟಿ ಹಿಡಿದ ಕೈಯ ತುಂಬ ಬಳೆ, ಹಣೆಯಲ್ಲಿ ಅಗಲ ಕುಂಕುಮ, ಕಣ್ಣು ಜಾಡಿನ ಮೇಲೆ. ಎಲ್ಲವನ್ನೂ ಕಳೆದುಕೊಂಡ ಈ ತಾಯಿ ನೆರವಿನ ಹಾದಿ ಕಾಯುತ್ತಿದ್ದಾಳೆ ಎಂದಿತು ಆ ಧ್ವನಿ. ಎಷ್ಟೋ ಹೊತ್ತು ಹಾಗೇ ಇದ್ದಳು ಎಂದು ನನಗೆ ನೆನಪು, ನಿಜಕ್ಕೂ ನಾಲ್ಕು ಉಸಿರಿನಷ್ಟು ಇದ್ದಿರಬಹುದು. ಅಲ್ಲಿಗೆ ನಮ್ಮೂರು ಮುಗಿಯಿತು. ಯಾರೋ ದೊಡ್ಡವರು ಗೋಧಿಯ ಮೂಟೆ ಹಂಚುವುದು ಬಂತು, ಬಾಜಾ ಬಜಾಯಿಸಿದರು, ದೊಡ್ಡ ಸಿನಿಮಾ ಶುರುವಾಯಿತು.

ವಿಮಾನ ಬರಲಿಲ್ಲ. ಗುಣಿ ಬರಲಿಲ್ಲ. ಮೂರು ಸಲ ಹೊರಡಿಸಿದ್ದನ್ನು ಅವರು ಕತ್ತರಿಸಿ ಎಸೆದಿದ್ದರು.

ದೊಡ್ಡ ಸಿನಿಮಾದಲ್ಲಿ ಜನ ನಗುತ್ತಿದ್ದರು. ಅಜ್ಜವ್ವ ಪರದೆಯನ್ನೇ ದಿಟ್ಟಿಸುತ್ತ ಕೂತಿದ್ದಳು, ಇನ್ನೂ ಬರಬಹುದೆಂದು. ಅವ್ವ ಸೆರಗಿನೊಳಗೆ ಬರಿಗೈಯ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದಳು. ಗಾಡಿಯಲ್ಲಿ ವಾಪಸು ಬರುತ್ತ ಊರು ಹತ್ತಿರವಾದಾಗ ಅವ್ವ, 'ಅದ್ರಲ್ಲಿ ಅವ್ರನ್ನ ಮಣ್ಣು ಮಾಡಿಲ್ಲ ಅತ್ತೆ' ಎಂದಳು. ಅಷ್ಟೇ.

ಮಾರನೆಯ ಬೆಳಗ್ಗೆ ಅಜ್ಜವ್ವ ಚಿಕ್ಕಪ್ಪನನ್ನು ಕರೆದು, 'ಆ ಅಗುಳಿ ಕಿತ್ತಾಕ್ಲಾ' ಎಂದಳು. ಅವನು ಯಾವುದು ಎಂದು ಕೇಳಲಿಲ್ಲ. ಮುಂಬಾಗಿಲಿನ ಅಗುಳಿಯನ್ನೂ ಅದು ಕೂರುವ ಕೊಂಡಿಯನ್ನೂ ಕಿತ್ತು ಸೌದೆ ಒಟ್ಟಿಲಿಗೆ ಹಾಕಿದ. ಅಪ್ಪನಿಗೆ ಮುಂಬಾಗಿಲು ತೆರೆದರೆ ಗುಣಿಯಲ್ಲಿರುವುದು ಬರೀ ರುಮಾಲು ಎಂದಾಗುತ್ತದೆ. ಹಾಗಾದರೆ ಗುಣಿಗೆ ಇನ್ನೂ ಒಬ್ಬ ಬಾಕಿ, ಅದು ಕೇಳುವುದು ಅದರಲ್ಲಿ ಕೂತು ಎದ್ದವನನ್ನೇ. ಅದು ಅವಳಿಗೂ ಗೊತ್ತಿತ್ತು, ಕಿತ್ತವನಿಗೂ ಗೊತ್ತಿತ್ತು.

ಒಂದೆರಡು ವರ್ಷಕ್ಕೆ ಏರಿ ಕಟ್ಟಿದರು. ಚಿತ್ರ ನೋಡಿ ಕಟ್ಟಿದರೋ, ಹಾಗೇ ಕಟ್ಟುತ್ತಿದ್ದರೋ ಯಾರಿಗೆ ಗೊತ್ತು. ಅಪ್ಪ ಬರಲಿಲ್ಲ. ನನ್ನ ಮದುವೆಯಾಗಿ ಆ ಮನೆ ಬಿಡುವವರೆಗೂ ಮುಂಬಾಗಿಲಿಗೆ ಅಗುಳಿ ಇರಲಿಲ್ಲ. ನಿಮ್ಮ ತಾತ ಹೋದ ದಿನ ನನ್ನ ಬಳೆಗೆ ಕೈ ಹಾಕಲು ಬಂದವರನ್ನು ನಾನು ದೂರ ನಿಲ್ಲಿಸಿದ್ದು ಯಾಕೆಂದು ನಿಮ್ಮಮ್ಮ ಕೇಳಿದ್ದಳು. ಅವಳಿಗೂ ಇದನ್ನು ಓದಲು ಕೊಡಿ.

ಆ ಮನೆಯ ಸಂಜೆಗಳು ಹೀಗಿದ್ದವು. ದೀಪ ಹಚ್ಚುವ ಹೊತ್ತಿಗೆ ಅವ್ವ ಬಾಗಿಲ ಒಂದು ಪಟ್ಟಿ ಹಿಡಿದು ನಿಲ್ಲುವಳು. ಇನ್ನೊಂದು ಪಟ್ಟಿಗೆ ಒರಗಿ ಅಜ್ಜವ್ವ ಕೂರುವಳು. ಗದ್ದೆಯ ಕಡೆಯಿಂದ, ಮಬ್ಬಿನಲ್ಲಿ, ಎಡಗಾಲು ಕೊಂಚ ಎಳೆಯುತ್ತ ಒಂದು ಆಳು ಜಾಡಿಗೆ ಹತ್ತುವುದು. ಇಬ್ಬರೂ ಉಸಿರು ಹಿಡಿಯುವರು. ಆಳು ಹತ್ತಿರ ಬಂದು ಚಿಕ್ಕಪ್ಪನಾಗುತ್ತಿದ್ದ. ಆಗ ಅಜ್ಜವ್ವ ಎದೆಯ ಮೇಲೆ ಕೈಯಿಟ್ಟುಕೊಂಡು ಉಸಿರು ಬಿಡುವಳು. ಅವ್ವ ಒಳಗೆ ಹೋಗಿ ತಟ್ಟೆ ಹಾಕುವಳು.